ತಾಯಿಯ ಕಡೆಯಿಂದ

ತಾಯಿ ಶೇವಂತೆವ್ವನ ರೆಪ್ಪೆಗಳನ್ನು ಎತ್ತಿ ಹಿಡಿಯಲು ಅಂಟಿಸಿದ್ದ ಪ್ಲಾಸ್ಟರನ್ನು ವಿಜಯಶ್ರೀ ಬಿಸಿನೀರಿನ ಬಟ್ಟೆಯಿಂದ ನೆನೆಸಿ ಬಿಡಿಸುತ್ತಿದ್ದಳು. ಎಡಗಣ್ಣಿನದು ಸುಲಭವಾಗಿ ಬಂತು. ಬಲಗಣ್ಣಿನದು ಹುಬ್ಬಿನ ಕೂದಲು ಹಿಡಿದುಕೊಂಡಿತ್ತು.

"ಸಾವಕಾಶ ತಗಿಯವಾ. ಇನ್ನ ಆಕಿಗೆ ನೋಯೂದಿಲ್ಲ ಖರೆ, ಆದ್ರೂ ಸಾವಕಾಶ," ಎಂದಳು ಪಕ್ಕದ ಮನೆಯ ಮುದುಕಿ ಸಿದ್ದವ್ವ.

ಪ್ಲಾಸ್ಟರು ಬಿಟ್ಟೊಡನೆ ಶೇವಂತೆವ್ವನ ರೆಪ್ಪೆ ತಾನಾಗಿಯೇ ಇಳಿಯಿತು.

"ಮದಿವ್ಯಾಗಿ ಈ ತಾಂಬಾ ಊರಿಗೆ ಬಂದಾಗ ಹಿಂಗಿರಲಿಲ್ಲ. ನೀನೂ ಶ್ರೀಶೈಲನೂ ಹುಟ್ಟಿದ ಮ್ಯಾಲ ಚಾಲೂ ಆತು. ಮಾರಿ ಮ್ಯಾಲೆತ್ತಿ ನೋಡ್ತಿದ್ಲು. ಸೊಕ್ಕಿನಾಕಿ ಅಂತ ಆಡಕೊಂತಿದ್ವಿ ನಾವು." ಸಿದ್ದವ್ವ ಮಾತು ನಿಲ್ಲಿಸಿ ವಿಜಯಶ್ರೀಯ ಕಣ್ಣನ್ನೇ ದಿಟ್ಟಿಸಿದಳು. ವಿಜಯಶ್ರೀ ತಲೆ ತಗ್ಗಿಸಿ ಬಟ್ಟೆ ಹಿಂಡಿದಳು.

ಅಷ್ಟರಲ್ಲಿ ಸಿಂದಗಿಯಿಂದ ವಿಜಯಶ್ರೀಯ ಮಗಳು ಪ್ರಿಯದರ್ಶಿನಿ ಬಂದಳು. ಏಳು ತಿಂಗಳ ಬಸುರಿ. ಹೊಸ್ತಿಲಲ್ಲೇ ಹೆಂಗಸರು ತಡೆದರು.

"ಬಸುರ ಹೆಂಗಸು ಹೆಣ ನೋಡಬಾರ್ದು. ಸಿದ್ದವ್ವನ ಮನ್ಯಾಗ ಕುಂದ್ರು ಹೋಗು."

"ನಮ್ಮ ಆಯಿ ಆಕಿ," ಎಂದು ಅಳುತ್ತಲೇ, ಅಜ್ಜಿಯ ಮುಖ ನೋಡದೆ ಅವಳು ತಿರುಗಿದಳು.

* * *

ಎರಡು ವರ್ಷದ ಹಿಂದೆ ವಿಜಯಶ್ರೀಯೇ ತಾಳಿಕೋಟೆಯಿಂದ ಬಂದು ತಾಯಿಯನ್ನು ವಿಜಯಪುರದ ದವಾಖಾನೆಗೆ ಕರೆದೊಯ್ದಿದ್ದಳು. ಆಗಲೇ ಶೇವಂತೆವ್ವನಿಗೆ ಕಣ್ಣುಗುಡ್ಡೆ ಹೊರಳಿಸಿ ನೋಡಲು ಆಗುತ್ತಿರಲಿಲ್ಲ. ಗಂಜಿಯೂ ಗಂಟಲಲ್ಲಿ ನಿಲ್ಲುತ್ತಿತ್ತು. ತಪಾಸಣೆಗೆ ರಕ್ತ ಬೆಂಗಳೂರಿಗೆ ಹೋಗಿ, ಅಲ್ಲಿಂದ ಫಲಿತಾಂಶ ಬಂತು.

"ಕಣ್ಣು, ಗಂಟಲದ ಸ್ನಾಯುಕ್ಕ ಶಕ್ತಿ ಹುಟ್ಟವಲ್ದು," ಎಂದರು ಡಾಕ್ಟರು. "ಈ ದೋಷ ತಾಯಿಯಿಂದ ಮಕ್ಕಳಿಗೆ ಬರ್ತೈತಿ. ಒಬ್ಬರಿಗೆ ಭಾಳ, ಒಬ್ಬರಿಗೆ ಕಮ್ಮಿ. ಗಂಡಮಕ್ಕಳಿಂದ ಮುಂದಕ್ಕ ಹೋಗೂದಿಲ್ಲ."

ಓಣಿಯ ಬಾಣಂತಿಯರಿಗೆಲ್ಲ ಹಳೆ ಸೀರೆಯ ಕೌದಿ ಹೊಲಿದುಕೊಟ್ಟವಳು ಶೇವಂತೆವ್ವ.

"ಸಾಹೇಬ್ರ, ನಾ ಹೊಲದ ಕೌದ್ಯಾಗ ಮಲಗಿದ ಕೂಸುಗಳಿಗೆ ಏನೂ ಆಗೂದಿಲ್ಲಲ್ರಿ?"

ಇಲ್ಲವೆಂದು ಡಾಕ್ಟರು ಹೇಳಿದರೂ ಅವಳು ಮತ್ತೆ ಸೂಜಿ ಹಿಡಿಯಲಿಲ್ಲ. ಬಸ್ಸಿನಲ್ಲಿ ಮಗಳ ಕೈ ಹಿಡಿದು, "ನೀ ರಕ್ತ ಕೊಡಬ್ಯಾಡವಾ. ಗೊತ್ತಾದ್ರ ನಿನಗ ನಿದ್ದಿ ಹತ್ತೂದಿಲ್ಲ," ಎಂದಳು.

ವಿಜಯಶ್ರೀಗೆ ಗೊತ್ತಿಲ್ಲದೆಯೂ ನಿದ್ದೆ ಹತ್ತಲಿಲ್ಲ. ಸಂಜೆಯಾದರೆ ಅವಳ ರೆಪ್ಪೆಯೂ ಜೋಲತೊಡಗಿತ್ತು. ಈ ವರ್ಷ ಒಬ್ಬಳೇ ಹೋಗಿ ರಕ್ತ ಕೊಟ್ಟಳು. ಫಲಿತಾಂಶ ಕೇಳಿಕೊಂಡು ಮನೆಗೆ ಬಂದ ವಾರವೇ, ತಾನು ಬಸುರಿ ಎಂದು ಪ್ರಿಯದರ್ಶಿನಿ ಫೋನು ಮಾಡಿದಳು.

* * *

ಹೆಣ ಹೊಲದ ಕಡೆ ಹೋಯಿತು. ಭಜನೆಯ ಸದ್ದು ಓಣಿ ದಾಟಿತು. ಸ್ನಾನ ಮುಗಿಸಿ, ಒದ್ದೆ ಕೂದಲಲ್ಲೇ ವಿಜಯಶ್ರೀ ಸಿದ್ದವ್ವನ ಮನೆಗೆ ಬಂದಳು. ಪ್ರಿಯದರ್ಶಿನಿ ಗೋಡೆಗೆ ಒರಗಿ ಕೂತಿದ್ದಳು.

"ಅವ್ವಾ, ಶ್ರೀಶೈಲ ಮಾಮಾ ಹೇಳಿದ. ಆಯಿ ಬ್ಯಾನಿ ತಾಯಿ ಕಡಿಂದ ಬರೂದಂತ. ತನ್ನ ಮಕ್ಕಳಿಗೆ ಅಂಜಿಕಿ ಇಲ್ಲಂತ."

"ಇವತ್ತ ಈ ಮಾತು ಬ್ಯಾಡ."

"ನೀನೂ ತಪಾಸ ಮಾಡಿಸಿಯೇನು?"

'ಏನೂ ಬಂದಿಲ್ಲ' ಎಂಬ ಉತ್ತರವನ್ನು ವಿಜಯಶ್ರೀ ತಿಂಗಳುಗಟ್ಟಲೆ ಸಿದ್ಧಮಾಡಿಟ್ಟುಕೊಂಡಿದ್ದಳು. ಬಾಯಿ ತೆರೆದಾಗ ಅದು ಬರಲಿಲ್ಲ.

"ಐತಿ," ಎಂದಳು.

"ನನಗ?"

"ನಿನಗೂ ಬಂದಿರತೈತಿ. ಎಷ್ಟು ಅನ್ನೂದು ನೋಡಬೇಕು."

ಪ್ರಿಯದರ್ಶಿನಿ ತನ್ನ ಹೊಟ್ಟೆ ನೋಡಿಕೊಂಡಳು. "ಇದಕ್ಕ?"

"ಬ್ಯಾನಿ ಆಗತೈತೋ ಇಲ್ಲೋ, ಡಾಕ್ಟರಿಗೂ ಹೇಳಾಕ ಬರೂದಿಲ್ಲವಾ."

ಹೊರಗೆ ಯಾರೋ ಅಂಗಳಕ್ಕೆ ನೀರು ಸುರಿದರು. ಪ್ರಿಯದರ್ಶಿನಿ ತಾಯಿಯತ್ತ ಸರಿದು ಕೂತಳು.

"ನನ್ನ ಕರಕೊಂಡ್ ಹೋಗು ದವಾಖಾನಿಗೆ. ಒಬ್ಬಾಕಿಗೆ ಅಂಜಿಕಿ ಬರತೈತಿ."

"ಹೋಗೂಣು."

ಮಗಳು ಅವಳ ಕೈಯನ್ನು ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗೆ ಕೂಸು ಒದೆಯಿತು. ಕೆಂಡ ಮುಟ್ಟಿದವಳಂತೆ ವಿಜಯಶ್ರೀ ಕೈ ಹಿಂದೆಳೆದುಕೊಂಡಳು. ಮಗಳು ಅವಳ ಮುಖವನ್ನೇ ನೋಡುತ್ತಿದ್ದಳು. ವಿಜಯಶ್ರೀ ತಣ್ಣಗಿದ್ದ ಬೆರಳುಗಳನ್ನು ಸೆರಗಿಗೆ ಒರೆಸಿ, ಬೆಚ್ಚಗಾಗುವವರೆಗೆ ತಿಕ್ಕಿ, ಮತ್ತೆ ಅದೇ ಜಾಗದಲ್ಲಿಟ್ಟಳು.