ಹಾಡಿದವರು: ಶಿವರಾಜುನವ್ವ

ನನ್ನಪ್ಪನ ಮಣಿಕಟ್ಟು ಮುರಿದವಳು ನಾನೇ. ಎಂಬತ್ತು ದಾಟಿದ ಮುದುಕನ ಮೇಲೆ ಕೈಮಾಡಿದಳಲ್ಲ ಶಶಿರೇಖಾ, ಅಂತ ಮಂಡ್ಯದ ಗುತ್ತಲು ಬಡಾವಣೆಯ ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ, ಊರ ಬಾಯಿಗೆ ಬೀಗ ಹಾಕೋಕಾಗುತ್ತದಾ? ಆದರೆ ಯಾಕೆ ಹೊಡೆದೆ ಅಂತ ಒಬ್ಬರಾದರೂ ಕೇಳಬೇಕಿತ್ತು. ಕೇಳಲಿಲ್ಲ. ಅದಕ್ಕೇ ನಾನಾಗಿ ಹೇಳುತ್ತಿದ್ದೇನೆ.

ನನ್ನ ತಮ್ಮ ಅಶೋಕ್ ಮಂಡ್ಯದಲ್ಲಿ ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುತ್ತಾನೆ. ಅಪ್ಪ ಮರಿಸಿದ್ದಯ್ಯ ಇರುವುದು ಅವನ ಜೊತೆ, ಗುತ್ತಲಿನ ಮನೆಯಲ್ಲಿ. ಅಶೋಕ್ ಹಳೇ ಕಂಪ್ಯೂಟರೊಂದನ್ನು ಟಿವಿಯ ಕೆಳಗಿಟ್ಟು ಅದನ್ನೇ ಸರ್ವರ್ ಮಾಡಿಕೊಂಡಿದ್ದಾನೆ. ಅದಕ್ಕೆ ತುಂಬಿದ ಹಾಡು ಮನೆಯ ಟಿವಿಯಲ್ಲೂ ಕೇಳುತ್ತದೆ, ಎಲ್ಲರ ಫೋನಿನಲ್ಲೂ ಕೇಳುತ್ತದೆ. ಎಂಟು ವರ್ಷದ ಹಿಂದೆ ತೀರಿಕೊಂಡ ನಮ್ಮವ್ವ ಮರಿತಾಯಮ್ಮ ಸೋಬಾನೆ ಪದ ಹಾಡುತ್ತಿದ್ದಳು. ಮದುವೆಮನೆಯಲ್ಲಿ ಅವಳು ಬಾಯಿ ತೆರೆದರೆ ವಾಲಗದವರೂ ಸುಮ್ಮನಾಗುತ್ತಿದ್ದರು. ಮಳವಳ್ಳಿ ಕಡೆಯ ನಮ್ಮ ಹಳ್ಳಿಮನೆಯಲ್ಲಿ ಬಿದ್ದಿದ್ದ ಅವಳ ಕ್ಯಾಸೆಟ್ಟುಗಳನ್ನೆಲ್ಲ ಅಶೋಕ್ ಕಂಪ್ಯೂಟರಿಗೆ ಇಳಿಸಿದ್ದ. ಈಗ ಒಂದೊಂದಕ್ಕೂ ಟ್ಯಾಗ್ ಹಾಕಬೇಕಿತ್ತು: ಪದದ ಹೆಸರು, ಹಾಡಿದವರು, ವರ್ಷ. ಪದಗಳ ಹೆಸರು ಅವನಿಗೇನು ಗೊತ್ತು? ಅದಕ್ಕೆ ಮದ್ದೂರಿನಿಂದ ನನ್ನನ್ನು ಕರೆಸಿಕೊಂಡ.

"ಅಕ್ಕ, ಇದ್ಯಾರು?" ಅಂದ. ಟಿವಿಯ ಮೇಲೆ ಹಾಡಿದವರ ಪಟ್ಟಿಯಿತ್ತು. ಮರಿತಾಯಮ್ಮ, ಪಕ್ಕದಲ್ಲಿ ಅವ್ವನ ಫೋಟೊ. ಅದರ ಕೆಳಗೆ ಇನ್ನೊಂದು ಹೆಸರು, ಶಿವರಾಜುನವ್ವ. ಫೋಟೊ ಇಲ್ಲ. ಹನ್ನೊಂದು ಪದ.

"ಎರಡು ಕ್ಯಾಸೆಟ್ಟಲ್ಲಿ ಪದ ಶುರುವಾಗೋಕ್ಮುಂಚೆ 'ನಾನು ಶಿವರಾಜುನವ್ವ' ಅಂತದೆ. ಹಂಗೇ ಟೈಪ್ ಮಾಡ್ಬುಟ್ಟೆ. ಆದ್ರೆ ದನಿ ನಮ್ಮವ್ವಂದೇ ಕಣಕ್ಕ. ಎರಡನ್ನೂ ಮರಿತಾಯಮ್ಮ ಅಂತ ಸೇರಿಸ್ಬುಡ್ಲಾ?"

"ಮುಟ್ಬೇಡ ಅದ್ನ," ಅಂದೆ. "ಅದು ಅವ್ವನೇ. ಸಿವರಾಜು ನಿಮ್ಮಣ್ಣ ಕಣ್ಲಾ."

"ಯಾವಣ್ಣ?" ಅಂದ ಅಶೋಕ್. ಅವನಿಗೆ ಹೇಗೆ ಗೊತ್ತಿರಬೇಕು? ಅವನು ಹುಟ್ಟಿದ್ದು ಶಿವರಾಜು ಸತ್ತು ಆರು ವರ್ಷ ಆದ ಮೇಲೆ. ಅವನು ಹುಟ್ಟಿದ ವರ್ಷ ಅಪ್ಪ ಕುಡಿತ ಬಿಟ್ಟ, ಮಗನನ್ನು ಹೆಗಲ ಮೇಲೆ ಹೊತ್ತು ಮೆರೆಸಿದ. ನಾನು ಕಂಡ ಅಪ್ಪನೇ ಬೇರೆ. ಶಿವರಾಜುಗೆ ಆಗ ಒಂದೂವರೆ ವರ್ಷ, ನನಗೆ ಏಳು. ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ಅಪ್ಪ ಅವ್ವನ ಜುಟ್ಟು ಹಿಡಿದು ಎಳೆದ. ಅವಳ ಸೊಂಟದ ಮೇಲೆ ಕೂಸಿತ್ತು. ಜಾಡಿಸಿ ಒದ್ದ. ಕೂಸಿನ ತಲೆ ಒರಳುಕಲ್ಲಿನ ಅಂಚಿಗೆ ಬಡಿಯಿತು. ಆಡುತ್ತಾ ಬಿದ್ದ ಅಂತ ಊರಿಗೆ ಹೇಳಿ ಸಂಜೆಯೊಳಗೆ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಒಂದು ಫೋಟೊ ಇಲ್ಲ, ಒಂದು ಕಾಗದದಲ್ಲಿ ಅವನ ಹೆಸರಿಲ್ಲ. ಆ ಹೆಸರು ಎತ್ತಿದವರಿಗೆ ಒದೆ ಬೀಳುತ್ತಿತ್ತು. ನಾನೂ ತಿಂದಿದ್ದೇನೆ. ನಮ್ಮಣ್ಣತಮ್ಮಂದಿರಲ್ಲಿ ಹೀಗೊಬ್ಬನಿದ್ದ ಅನ್ನೋದಕ್ಕೆ ಉಳಿದಿದ್ದು ಆ ಹನ್ನೊಂದು ಪದ ಮಾತ್ರ.

ಮಾರನೇ ವರ್ಷ ಅಪ್ಪ ಟೇಪ್ ರೆಕಾರ್ಡರ್ ತಂದ. ಅವ್ವನ ಬಾಯಿಗೆ ಮೈಕ್ ಹಿಡಿದು, "ಮರಿಸಿದ್ದಯ್ಯನ ಎಂಡ್ತಿ ಆಡ್ತಾವ್ಳೆ ಅನ್ನು" ಅನ್ನುವನು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಊರವರೂ ಹೆಂಗಸರನ್ನು ಇಂಥ ಮಗುವಿನ ಅವ್ವ ಅಂತಲೇ ಕರೆಯುವುದು. ಅವ್ವ ಆ ಪದ್ಧತಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಮೈಕ್ ಹಿಡಿದಾಗಲೆಲ್ಲ, "ನಾನು ಸಿವರಾಜುನವ್ವ" ಅನ್ನುವಳು. ಅವನು ಹೊಡೆಯುವನು.

ಇದನ್ನೆಲ್ಲ ಹೇಳಿ ಒಂದು ಪದ ಹಾಕಿಸಿದೆ; ಅವ್ವನ ಮಾತಿನ ಹಿಂದೆಯೇ ಪದ ಶುರುವಾಯಿತು. "ಏಟಿನ ಸದ್ದೆಲ್ಲಿ ಓಯ್ತು?" ಅಂದೆ ಅಶೋಕನಿಗೆ.

"ಮೈಕ್ ಬಿದ್ದಿರೋ ಸದ್ದು ಅಂದ್ಕೊಂಡು ಪೂರ್ತಿ ಕೇಳ್ದಲೆ ಕಟ್ ಮಾಡ್ಬುಟ್ಟೆ ಕಣಕ್ಕ. ಕಟ್ ಮಾಡ್ದಲೆ ಇರೋದೂ ಅದೆ."

"ಅಳಿಸ್ಲಾ ಅದ್ನ!" ಹಿಂದಿನಿಂದ ಅಪ್ಪನ ಕೂಗು.

ಅಪ್ಪ ರೂಮಿನ ಬಾಗಿಲಲ್ಲಿ ಊರುಗೋಲು ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ಶಿವನೇ ಬಲ್ಲ. ನೇರವಾಗಿ ಬಂದು ಕಂಪ್ಯೂಟರಿಗೆ ಕೋಲೆತ್ತಿದ. ನಾನು ಅಡ್ಡ ಹೋದೆ. ಕೋಲು ನನ್ನ ಹಣೆಗೆ ಬಿತ್ತು. ರಕ್ತ ಕಣ್ಣಿಗಿಳಿಯಿತು. "ಸತ್ತೋನ್ನ ಯಾಕ್ಲೇ ಎತ್ತೀಯೆ, ಮುಂಡೆ?" ಅಂತ ಇನ್ನೊಂದು ಬಿಟ್ಟ, ಅದು ಭುಜಕ್ಕೆ ಬಿತ್ತು.

ಆಮೇಲೆ ನನಗೆ ವಯಸ್ಸೂ ಕಾಣಲಿಲ್ಲ, ಅಪ್ಪನೂ ಕಾಣಲಿಲ್ಲ. ಕೋಲು ಕಿತ್ತುಕೊಂಡು ಆ ಕೈಗೇ ಬಾರಿಸಿದೆ. ಎಲುಬು ಲಟಕ್ಕೆಂದಿತು. ಬೆನ್ನಿಗೆ ಎರಡು ಕೊಟ್ಟೆ. ಗೋಡೆ ಹಿಡಿದು ಕುಸಿದ. ಅಶೋಕ್ ನನ್ನ ರಟ್ಟೆ ಹಿಡಿದು ಆಚೆಗೆ ನೂಕಿದ. "ಅಪ್ಪಂಗೆ ಹೊಡೀತೀಯಾ? ಮನ್ಸಳೇನೇ ನೀನು?"

"ಕಟ್ ಮಾಡ್ದಲೆ ಇರೋದು ಮಡಗಿದ್ದೀಯಲ್ಲ, ಹಾಕ್ಲಾ ಅದ್ನ! ಕೇಳ್ಬುಟ್ಟು ಆಮೇಲೆ ನನ್ನ ಕೊಲ್ಲು," ಅಂತ ಕಿರುಚಿದೆ.

ಹಾಕಿದ. ಅಪ್ಪನ ಆ ಕಾಲದ ದನಿ ಟಿವಿ ತುಂಬ ಮೊಳಗಿತು. "ಅನ್ನು." ಅವ್ವ ಅಂದಳು, "ನಾನು ಸಿವರಾಜುನವ್ವ." ಏಟು. "ಸರಿಯಾಗನ್ನು." "ಸಿವರಾಜುನವ್ವ." ಏಟು. ಬಳೆ ಒಡೆದ ಸದ್ದು. ಆಮೇಲೆ ಅವ್ವ ಒಂದು ಸಲ ಮೂಗು ಎಳೆದುಕೊಂಡು ಮದುವಣಗಿತ್ತಿಯ ಪದ ಎತ್ತಿದಳು. ದನಿ ಒಂಚೂರೂ ನಡುಗಲಿಲ್ಲ.

ಅಶೋಕ್ ಹನ್ನೊಂದನ್ನೂ ಹಾಕಿದ. ಅಪ್ಪ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನರಳುತ್ತಿದ್ದ. ಕೊನೆಯದು ಮುಗಿದ ಮೇಲೆ ಅಶೋಕ್ ಎದ್ದು, ತನ್ನ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಅಪ್ಪನ ಬಾಯಿಗೆ ಹಿಡಿದ.

"ನೀನ್ಯಾರು? ಹೇಳು."

"ಕೈ ಮುರುದೋಗದೆ ಕಣ್ಲಾ ಮಗಾ, ಆಸ್ಪತ್ರೆಗೆ ಕರ್ಕೊಂಡೋಗು."

"ಹೇಳು ಅಂದೆ!"

ಅಪ್ಪ ಮುಖ ತಿರುಗಿಸಿದ. ಅಶೋಕ್ ಕೆನ್ನೆಗೆ ಹೊಡೆದ. ತನ್ನ ಮಕ್ಕಳ ಮೇಲೂ ಒಂದು ದಿನ ಕೈ ಎತ್ತದ ನನ್ನ ತಮ್ಮ ಹೊಡೆದುಬಿಟ್ಟ. ಅಪ್ಪನ ಬಾಯಿಂದ ಜೊಲ್ಲು, ಅಳು ಎರಡೂ ಬಂದವು. "ಸಿವರಾಜುನಪ್ಪ," ಅಂದ. "ನಾನು ಸಿವರಾಜುನಪ್ಪ, ಬುಟ್ಬುಡ್ಲಾ."

ಅಶೋಕನ ಕೈ ಮತ್ತೆ ಮೇಲೆದ್ದಿತ್ತು. ನಾನು ಓಡಿಹೋಗಿ ಹಿಡಿದುಕೊಂಡೆ. ನಲವತ್ತು ವರ್ಷ ಆ ಮಾತು ಕೇಳಬೇಕು ಅಂತ ಕಾದಿದ್ದೆ. ಕೇಳಿದ ಮೇಲೆ ಅದು ಬೇಡವಾಯಿತು.

"ಇದ್ನೂ ಸರ್ವರಿಗೆ ಹಾಕ್ಲಾ, ಅಕ್ಕ?" ಅಶೋಕ್ ಬಿಕ್ಕುತ್ತಾ ಕೇಳಿದ. "ಅವ್ವನ ಪದದ ಜೊತೆಗೆ?"

ಹಣೆಯ ರಕ್ತವನ್ನು ಸೆರಗಿನಿಂದ ಒರೆಸಿಕೊಂಡೆ.

"ಬ್ಯಾಡ, ಅಳಿಸ್ಬುಡು," ಅಂದೆ. "ಅವ್ವ ಆ ಹೆಸ್ರ ಹೇಳಿ ಏಟು ತಿಂದ್ಲು. ಇವನು ಏಟು ತಿಂದು ಹೇಳ್ದ."

ಅವನು ಅಳಿಸಿದ. ಆಮೇಲೆ ಆಟೋ ಕರೆದು ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು.