ಪೂಜಿಸುವ ದೇವರ ಹೆಸರು

ಆ ಜೈಲಿನಲ್ಲಿ ದೇವರಿದ್ದವನಿಗೆ ಭಾನುವಾರ ಒಂದು ತಾಸು ಬೀಗದಿಂದ ಬಿಡುಗಡೆ. ದೇವರಿಲ್ಲದವನಿಗೆ ಅದೂ ಇಲ್ಲ. ನಗಬೇಡಿ, ನಿಯಮವೇ ಹಾಗಿತ್ತು. ಧರ್ಮ ಬರೆಸಿದವರನ್ನು ಸರದಿಯಂತೆ ಪ್ರಾರ್ಥನೆಯ ಕೋಣೆಗೆ ಕರೆದೊಯ್ಯುತ್ತಿದ್ದರು, ಮಿಕ್ಕವರು ಒಳಗೇ ನೊಣ ಹೊಡೆಯುತ್ತ ಕೂರಬೇಕು. ನಮ್ಮ ದರ್ಜಿ ಮೂರು ವರ್ಷದಿಂದ ನೊಣ ಹೊಡೆಯುವವರ ಪೈಕಿ. ಬಂದ ದಿನ ಗುಮಾಸ್ತ "ಧರ್ಮ?" ಎಂದು ಕೇಳಿದ್ದ. ಸಿಟ್ಟಿನ ಭರದಲ್ಲಿ ಅಂಗಡಿಯ ಪಾಲುದಾರನ ತಲೆಗೆ ಇಸ್ತ್ರಿಪೆಟ್ಟಿಗೆ ಬೀಸಿದವನಿಗೆ ಎಂಥ ಧರ್ಮ ಅಂದುಕೊಂಡು ಇವನು "ಯಾವುದೂ ಇಲ್ಲ" ಅಂದುಬಿಟ್ಟಿದ್ದ. ಗುಮಾಸ್ತನೂ ಹಾಗೇ ಬರೆದುಕೊಂಡ.

ಈಗ ಅಕ್ಕನ ಕಾಗದ ಜೈಲಿನವರ ಕಣ್ಣಿಗೆ ಬೀಳದೆ ಕೈಸೇರಿತ್ತು. "ನಿನ್ನ ಮಗಳನ್ನ ಜೈಲೊಳಗೆ ಕರ್ಕೊಂಡ್ ಬರೋಕೆ ಅವಳಮ್ಮ ಸುತರಾಂ ಒಪ್ಪಲ್ಲ ಕಣೋ. ಮುಂದಿನ ವಾರ ಅವರು ಊರೇ ಬಿಡ್ತಿದ್ದಾರೆ. ಪ್ರಾರ್ಥನೆ ಕೋಣೆ ಕಿಟಕಿ ಒಂದೇ ಅಲ್ವಾ ರಸ್ತೆಗಿರೋದು? ಭಾನುವಾರ ಹತ್ತು ಗಂಟೆಗೆ ಎದುರಿನ ಬಸ್ ಸ್ಟಾಪಲ್ಲಿ ನಿಂತಿರ್ತೀವಿ. ಒಂದ್ಸಲ ಮುಖ ತೋರಿಸು." ಹೊರಗಿನವರನ್ನು ನೋಡಲು ಹೊಂಚಿದ್ದು ಗೊತ್ತಾದರೆ ಕೋಣೆಗೇ ಬಿಡುತ್ತಿರಲಿಲ್ಲ. ಯಾರ ಹತ್ತಿರವೂ ಬಾಯಿ ಬಿಡುವಂತಿಲ್ಲ.

ಜೊತೆಯಲ್ಲಿದ್ದ ಡ್ರೈವರಜ್ಜನಿಗೆ ಮಾತ್ರ ಹೇಳಿಕೊಂಡ. ಲಾರಿ ಓಡಿಸಿ ತಲೆ ನರೆತಿದ್ದ ಅಜ್ಜ ಕ್ಷಣದಲ್ಲಿ ದಾರಿ ತೋರಿಸಿದ. "ಬೌದ್ಧ ಅಂತ ಬರೆಸು. ಆ ಪೈಕಿ ಇಲ್ಲಿ ಒಬ್ಬನೂ ಇಲ್ಲ. ನಿನ್ನ ಪರೀಕ್ಷೆ ಮಾಡೋಕೆ ಯಾರಿದ್ದಾರೆ?"

ದರ್ಜಿ ಗ್ರಂಥಾಲಯದಿಂದ ರಟ್ಟು ಹರಿದ ಪುಸ್ತಕವೊಂದನ್ನು ತಂದು ಓದಿದ. ಓದಿದ್ದೇ ತಪ್ಪಾಯಿತು ನೋಡಿ! ಅದರಲ್ಲಿ ಲೋಕವನ್ನು ಮಾಡಿದ ದೇವರಿರಲಿಲ್ಲ, ಅಳಿಯದೆ ಉಳಿಯುವ ಆತ್ಮವೂ ಇರಲಿಲ್ಲ. ಇರುವುದೆಲ್ಲ ಗಳಿಗೆ ಗಳಿಗೆಗೂ ಬದಲಾಗುತ್ತದೆ, ನಿನ್ನೆಯವನೇ ಇವತ್ತಿನವನಲ್ಲ, ಹಾಗಂತ ಬೇರೆಯವನೂ ಅಲ್ಲ, ಮಾಡಿದ್ದರ ಫಲ ಬೆನ್ನು ಬಿಡದು, ಅಂತಿತ್ತು. ಆ ಪುಟವನ್ನು ನಾಲ್ಕು ಸಲ ಓದಿದ. ಹಾಗಾದರೆ ಇಸ್ತ್ರಿಪೆಟ್ಟಿಗೆ ಬೀಸಿದವನಾಗಿಯೇ ಸಾಯಬೇಕಿಲ್ಲ! ಮೂರು ವರ್ಷದಲ್ಲಿ ಮೊದಲ ಸಲ ಅವನಿಗೆ ಉಸಿರು ಸರಾಗವಾಯಿತು.

"ಅಜ್ಜಾ, ಇದರಲ್ಲಿ ದೇವರೇ ಇಲ್ಲ. ಇದು ಧರ್ಮವೋ ಅಲ್ವೋ ಗೊತ್ತಾಗ್ತಿಲ್ಲ. ಆದ್ರೆ ನಿಜ ಅನ್ಸುತ್ತೆ."

"ಅಯ್ಯೋ ಪುಣ್ಯಾತ್ಮ, ನಿನಗೆ ಬೇಕಾಗಿರೋದು ಕಿಟಕಿ! ದೇವರು ಇದ್ರೆಷ್ಟು, ಬಿಟ್ರೆಷ್ಟು?"

ಶನಿವಾರ ಅಧಿಕಾರಿಯ ಮುಂದೆ ನಿಂತ. ಅಧಿಕಾರಿ ಒಳ್ಳೆಯ ಮನುಷ್ಯ, ಫಜೀತಿಯಾದದ್ದೇ ಅದರಿಂದ. ಅರ್ಜಿಯಲ್ಲಿ 'ಪೂಜಿಸುವ ದೇವರ ಹೆಸರು' ಎಂಬ ಕಾಲಂ ಇತ್ತು.

"ಹೇಳಪ್ಪ, ನಿಮ್ಮ ದೇವರು ಯಾರು?"

"ಇದರಲ್ಲಿ ಆ ಥರ ಇಲ್ಲ ಸಾರ್. ದುಃಖ ಯಾಕೆ ಬರುತ್ತೆ, ಹೇಗೆ ಹೋಗುತ್ತೆ ಅಂತ ನೋಡ್ಕೊಳ್ಳೋದು."

"ಕಾಲಂ ಖಾಲಿ ಬಿಟ್ರೆ ಅದು ಧರ್ಮ ಅಲ್ಲಪ್ಪ, ಬರೀ ವಿಚಾರ. ವಿಚಾರ ಮಾಡೋದಕ್ಕೆ ನಿನ್ನ ಕೋಣೆನೇ ಸಾಕಲ್ಲ?" ಅಧಿಕಾರಿ ಪೆನ್ನಿನ ಮುಚ್ಚಳ ಹಾಕತೊಡಗಿದರು.

"ಬುದ್ಧ ಸಾರ್! ಬುದ್ಧನೇ ನಮ್ಮ ದೇವರು."

"ನೋಡು, ಎಷ್ಟು ಸುಲಭ ಇತ್ತು!" ಎಂದು ಬರೆದುಕೊಂಡರು, ಕೇಳಿದ ಹತ್ತು ಗಂಟೆಯ ಸರದಿಯನ್ನೂ ಕೊಟ್ಟರು. ತಾನು ನಂಬಿದ್ದು ಅದೊಂದನ್ನೇ, ಅದರ ವಿಷಯದಲ್ಲೇ ಸುಳ್ಳು ಹೇಳಿದೆನಲ್ಲ ಎಂದು ದರ್ಜಿಗೆ ಬಹಳ ನಾಚಿಕೆಯಾಯಿತು. ಆದರೂ ಮಗಳ ಮುಖ ನೆನೆದು ಸುಮ್ಮನಾದ.

ಭಾನುವಾರ ಗಡ್ಡ ಬೋಳಿಸಿಕೊಂಡು ಹೋದ. ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟ. ಇದ್ದ ಒಂದೇ ಕಿಟಕಿಯ ಉದ್ದಗಲಕ್ಕೂ ಬುದ್ಧನ ದೊಡ್ಡ ಪಟ ನಿಂತಿತ್ತು.

"ಹೇಗಿದೆ?" ಅಧಿಕಾರಿ ಮುಖ ಅರಳಿಸಿ ಕೇಳಿದರು. "ದೇವರ ಪಟ ಇಲ್ದೆ ಪಾಪ ಹೇಗೆ ಪ್ರಾರ್ಥನೆ ಮಾಡ್ತೀಯ ಅಂತ ನಮ್ಮನೆಯಿಂದಲೇ ತಂದೆ. ಗೋಡೆ ಮೇಲೆಲ್ಲ ಬೇರೆಯವರ ದೇವರ ಪಟಗಳಿವೆ. ಅದಕ್ಕೇ ಸರಳಿಗೆ ತಂತಿ ಬಿಗಿಸಿದ್ದು."

"ಸಾರ್... ಸ್ವಲ್ಪ ಪಕ್ಕಕ್ಕೆ ಸರಿಸಬಹುದಾ?"

"ದೇವರನ್ನ ಸರಿಸೋದಾ? ಛೆ ಛೆ. ಕೂತ್ಕೋ, ಕಣ್ಣು ಮುಚ್ಕೋ."

ಕೂತ. ಹೊರಗೆ ಬಸ್ಸೊಂದು ಬಂದು ನಿಂತಿತು, ಹೋಯಿತು. ಆಮೇಲೆ ಅಕ್ಕನ ದನಿ. ಅದರ ಹಿಂದೆಯೇ ಇನ್ನೊಂದು, ತೆಳ್ಳನೆಯದು.

"ಅಪ್ಪ ಎಲ್ಲಿ ಅತ್ತೆ? ಅಲ್ಲಿ ಬರೀ ರಟ್ಟು ಕಾಣ್ಸುತ್ತೆ!"

ದರ್ಜಿ ದಡಕ್ಕನೆ ಎದ್ದ. "ತೆಗೀರಿ ಸಾರ್ ಅದನ್ನ! ಅವನು ದೇವರಲ್ಲ! ನಿನ್ನೆ ನಾನು ಹೇಳಿದ್ದು ಸುಳ್ಳು, ಇದರಲ್ಲಿ ದೇವರೇ ಇಲ್ಲ!"

ಅಧಿಕಾರಿಯ ಮುಖ ಸಪ್ಪಗಾಯಿತು. ಅವರಿಗೆ ನಿಜಕ್ಕೂ ನೋವಾಗಿತ್ತು, ಪಾಪ. "ಹಾಗಾದ್ರೆ ಇದು ಪ್ರಾರ್ಥನೆನೂ ಅಲ್ಲ. ನಡಿ," ಎಂದರು. ಅರ್ಜಿ ತರಿಸಿಕೊಂಡು ಆ ಹೆಸರಿನ ಮೇಲೆ ಅಡ್ಡ ಗೆರೆ ಎಳೆದರು. ಪಟ ಅಲ್ಲೇ ಇತ್ತು. ಮಗು ಇನ್ನೊಂದು ಸಲ "ಅಪ್ಪಾ" ಎಂದು ಕೂಗಿದ್ದು ಜೈಲಿನ ಒಳಗಿನ ಓಣಿಯ ತನಕವೂ ಕೇಳಿಸಿತು.

ಬೀಗ ಬಿದ್ದ ಮೇಲೆ ಅಜ್ಜ ಮೆಲ್ಲಗೆ ಕೇಳಿದ. "ಕಂಡ್ಳೇನೋ?"

"ಬರೀ ದನಿ ಕೇಳಿಸ್ತು. ಅದೂ ಬದಲಾಗ್ಬಿಟ್ಟಿದೆ ಅಜ್ಜಾ," ಎಂದ ದರ್ಜಿ. "ದಾರೀಲಿ ಕೂಗಿದ್ರೆ ನನ್ನ ಮಗಳು ಅಂತ ಗೊತ್ತಾಗ್ದೆ ತಿರುಗಿನೂ ನೋಡ್ತಿರ್ಲಿಲ್ಲ ನಾನು."