ಹತ್ತಿಕಾಯಿ ಉಂಡಿ

ಹುಚ್ಚವ್ವ ಆ ಮನೆಗೆ ಸೊಸೆಯಾಗಿ ಬರುವುದಕ್ಕಿಂತ ಮೊದಲೇ ಮಾವ ಮೂಕಪ್ಪನ ಹಲ್ಲಿನ ಸುದ್ದಿ ಲಕ್ಷ್ಮೇಶ್ವರದ ಅವಳ ತವರಿಗೆ ಮುಟ್ಟಿತ್ತು. ಶಿರಹಟ್ಟಿಯಿಂದ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಯ ಮಗ್ಗುಲಿಗಿದ್ದ ಆ ಸಣ್ಣ ಊರಿನಲ್ಲಿ ಜೋಳದ ಚೀಲವನ್ನು ಹಲ್ಲಿನಿಂದ ಕಚ್ಚಿ ಎತ್ತಿದವನು ಅವನೊಬ್ಬನೇ. ಕೇರಿಯಲ್ಲಿ ದನದ ಬಾಡು ಬೆಂದ ದಿನ ತೊಡೆಯ ಎಲುಬು ಅವನ ತಾಟಿಗೇ ಬೀಳಬೇಕು. ಮಿಕ್ಕವರು ಕಲ್ಲು ಹುಡುಕುತ್ತಿದ್ದರೆ ಅವನು ದವಡೆಗೆ ಇಟ್ಟು ಕಟಕ್ಕೆಂದು ಮುರಿದು ಒಳಗಿನ ತಿರುಳನ್ನು ಹೀರುತ್ತಿದ್ದ. ಹುಡುಗರು ಅದನ್ನು ನೋಡಲಿಕ್ಕೆಂದೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಅಂಥ ಮೂಕಪ್ಪ ಕರ್ನಾಟಕ ಒಂದಾದ ವರ್ಷದ ಮಳೆಗಾಲದಲ್ಲಿ ಒಂದು ದಿನ ಬಾಡಿನ ತಾಟನ್ನು ಕೈಯಿಂದ ಆಚೆ ಸರಿಸಿದ.

"ಯಾಕೋ ಮುದುಕಾ, ಉಪ್ಪು ಹೆಚ್ಚಾಗೇತೇನ?" ಎಂದು ಹೆಂಡತಿ ದೇವವ್ವ ಕೇಳಿದಳು.

"ಒಲ್ಲೆ. ಸಾಕಾತು."

"ಏನ ಸಾಕಾತು?"

"ಸಾಕಾತು ಅಂದ್ರ ಸಾಕಾತು. ಸಾರು ಕೊಡ, ರೊಟ್ಟಿ ನೆನಸ್ಕೊಂತೀನಿ."

ಅವನು ಆಡಿದ್ದು ಅಷ್ಟೇ. ಆದರೆ ಆ ಮಾತು ಬಾಗಿಲ ಹೊರಗೆ ಹೋಗುವಷ್ಟರಲ್ಲಿ ಬೇರೆಯೇ ಬಣ್ಣ ಹಚ್ಚಿಕೊಂಡಿತ್ತು. ಬಾಡು ತಿಂದು ತಿಂದು ಮೂಕಪ್ಪನಿಗೆ ಸಾಕಾಗಿದೆಯಂತೆ, ಅವನಿಗೆ ವೈರಾಗ್ಯ ಬಂದಿದೆಯಂತೆ ಎಂದರು ಕೇರಿಯವರು. ಊರಿನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅವನಿಗೆ ಕನಸಿನಲ್ಲಿ ಯಾರೋ ಜಂಗಮಯ್ಯ ಬಂದು ಹೇಳಿ ಹೋದನಂತೆ ಎಂದರು. ಕನಸು ಬಿದ್ದ ಸುದ್ದಿ ಮೂಕಪ್ಪನಿಗೂ ಊರವರಿಂದಲೇ ಗೊತ್ತಾಯಿತು.

ದೊಡ್ಡ ಹೊಲಮನೆಯ ವಿರೂಪಾಕ್ಷಪ್ಪಗೌಡ ಅಲ್ಲಿಯತನಕ ಅವನನ್ನು "ಲೇ ಮೂಕ್ಯಾ" ಎಂದೇ ಕರೆದವನು. ಒಂದು ಸಂಜೆ ಎದುರು ಸಿಕ್ಕಾಗ ನಿಂತು, "ಮೂಕಪ್ಪಾ, ಸೋಮವಾರ ಭಜನಿಗೆ ಬಾರಪಾ. ಮೆಟ್ಟಲಮ್ಯಾಲ ಕುಂದ್ರವಂತಿ," ಎಂದ. ಮಠದ ಕಟ್ಟೆಯ ಕೆಳಗಿನ ಮೆಟ್ಟಿಲು ಅದು. ಕೇರಿಯ ಯಾರ ಧೋತರವೂ ಆ ಕಲ್ಲಿಗೆ ತಾಗಿದ್ದಿಲ್ಲ. ಮೂಕಪ್ಪ ಹೋದ. ತತ್ವಪದ ಎಂದರೆ ಅವನಿಗೆ ಚಿಕ್ಕಂದಿನಿಂದಲೂ ಹುಚ್ಚು, ಆದರೆ ಅಷ್ಟು ವರ್ಷ ದೂರದ ಹುಣಸೆಮರದ ಕೆಳಗೆ ನಿಂತು ಕೇಳಿದ್ದ. ಈಗ ಕೈಗೆ ತಾಳ ಕೊಟ್ಟರು. ಮನೆಗೆ ಬಂದವನು ರೊಟ್ಟಿ ತಿನ್ನುವುದನ್ನು ಬಿಟ್ಟು ತಾಟಿನ ಅಂಚಿಗೆ ಬೆರಳಿನಿಂದ ತಾಳ ಹಾಕುತ್ತ ಕುಳಿತ.

ಅವನ ಮುಖದ ಕಳೆ ನೋಡಿ ಹುಚ್ಚವ್ವನಿಗೂ ಹಿಗ್ಗಾಯಿತು. ಆದರೆ ಮಾವ ದಿನದಿನಕ್ಕೆ ಇಳಿದುಹೋಗುತ್ತಿದ್ದ. ತೋಳಿನ ಕಡಗ ಮೊಣಕೈಗೆ ಜಾರುತ್ತಿತ್ತು. ಸಾರಿನಲ್ಲಿ ನೆನೆದ ರೊಟ್ಟಿಯೂ ಅರ್ಧಕ್ಕೆ ಉಳಿಯುತ್ತಿತ್ತು.

ಖರೆ ಸಂಗತಿ ಅವಳಿಗೆ ತಿಳಿದದ್ದು ಹಿತ್ತಲಲ್ಲಿ. ಸೀಳಿದ ಬಾಡನ್ನು ಉಪ್ಪು ಹಚ್ಚಿ ಹಗ್ಗದ ಮೇಲೆ ಒಣಹಾಕಿದ್ದಳು. ಮಧ್ಯಾಹ್ನ ಕಾಗೆ ಹೊಡೆಯಲು ಹೋದರೆ, ಹಗ್ಗದ ಕೆಳಗೆ ಗೋಡೆಗೆ ಒರಗಿ ಮೂಕಪ್ಪ ನಿಂತಿದ್ದಾನೆ. ಒಣಗಿದ ಒಂದು ತುಂಡು ಅವನ ದವಡೆಯಲ್ಲಿದೆ. ಕಣ್ಣು ಮುಚ್ಚಿಕೊಂಡು, ಎಳೆಗೂಸು ಮೊಲೆ ಚೀಪುವ ಹಾಗೆ ಚೀಪುತ್ತಿದ್ದಾನೆ. ನಾಯಿ ಮುಂದೆ ಕುಳಿತು ಕಾಯುತ್ತಿದೆ. ಸ್ವಲ್ಪ ಹೊತ್ತಿಗೆ ಅವನು ಆ ತುಂಡನ್ನು ತೆಗೆದು ನೋಡಿದ. ಅದು ಇದ್ದ ಹಾಗೇ ಇತ್ತು. ನಿಟ್ಟುಸಿರು ಬಿಟ್ಟು ನಾಯಿಗೆ ಎಸೆದ.

"ಮಾವಾ..."

ಮೂಕಪ್ಪ ಬೆಚ್ಚಿ ಬಾಯಿ ಒರೆಸಿಕೊಂಡ. ನಗಲು ಹೋದ. ಮುಂದಿನ ಹಲ್ಲುಗಳೇನೋ ಇದ್ದವು, ಆದರೆ ಬಿಸಿಲು ಬಾಯೊಳಗೆ ಬಿದ್ದು ಆಚೀಚೆಯ ದವಡೆ ಕಾಣಿಸಿತು. ಕೊಯ್ಲು ಮುಗಿದ ಹೊಲದಂತೆ ಬೋಳಾಗಿತ್ತು.

"ಯಾರ ಮುಂದೂ ಅನಬ್ಯಾಡ ಯವ್ವಾ," ಎಂದ. "ಒಂದೊಂದ ಅಳಗ್ಯಾಡಿ ಬಿದ್ದವು. ಚೀಲ ಎತ್ತಿದ ಮೂಕ್ಯಾನ ಹಲ್ಲು ಉದುರ್ಯಾವು ಅಂದ್ರ ಕೇರಿ ಹುಡುಗೂರು ನನ್ನ ಹಾಡಿ ಆಡ್ತಾವು. ಅದಕ್ಕ ಸಾಕಾತು ಅಂದೆ. ಈ ಮಂದಿ ನನ್ನ ಶರಣನ್ನ ಮಾಡಿ ಕುದರಿಮ್ಯಾಲ ಕುಂದರಿಸ್ಯಾರ. ಈಗ ಹೆಂಗ ಇಳೀಲಿ?"

"ಇಳೀಬೇಕು ಅನಸ್ತೈತೇನ್ರಿ?"

ಮೂಕಪ್ಪ ಹಗ್ಗದ ಮೇಲಿನ ಬಾಡನ್ನು ನೋಡಿದ. ಮಠದ ದಿಕ್ಕಿಗೂ ಒಮ್ಮೆ ನೋಡಿದ. "ಹಸಿವಿ ಆಗೇತಿ ಬೇ," ಎಂದ.

ಆ ಮಾತು ಹುಚ್ಚವ್ವನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಅಷ್ಟರಲ್ಲಿ ಕರ್ನಾಟಕ ಒಂದಾಗುವ ದಿನ ಹತ್ತಿರ ಬಂತು. ಆ ಸೀಮೆಯ ಮಂದಿ ಸಂಸ್ಥಾನದ ರಾಜರನ್ನು ನೋಡಿದ್ದರು, ಅವರು ಹೋದ ಮೇಲೆ ಮುಂಬೈ ಸರಕಾರ ನೋಡಿದ್ದರು, ಇನ್ನು ಮೈಸೂರು ಎನ್ನುತ್ತಿದ್ದರು. ಊರಿನಲ್ಲಿ ಚಪ್ಪರ ಹಾಕಿ ಸಭೆ ಮಾಡುವುದೆಂದಾಯಿತು. ವಿರೂಪಾಕ್ಷಪ್ಪಗೌಡ ಕೇರಿಗೆ ತಾನೇ ಬಂದು ಹೇಳಿದ: "ಮೂಕಪ್ಪಾ, ಅವತ್ತ ಸಂಜಿಗೆ ಸಭಾದಾಗ ನಿನಗ ಹಾರ ಹಾಕೂಣು. ಬಾಡ ಬಿಟ್ಟು ನಮ್ಮ ಸರಿ ಕುಂತೀ. ನಾಕ ಮಂದಿ ನೋಡಿ ಕಲೀಲಿ. ಎದ್ದ ನಿಂತು, ಬಿಟ್ಟೀನಿ ಅಂತ ಒಂದ ಮಾತ ಹೇಳಿದರ ಸಾಕು."

ಗೌಡ ಹೋದ ಮೇಲೆ ಮೂಕಪ್ಪ ಕಂಬಕ್ಕೆ ಒರಗಿ ಕುಳಿತ. ತುಂಬಿದ ಸಭೆಯಲ್ಲಿ ಒಮ್ಮೆ ಹೇಳಿದರೆ ಮುಗಿಯಿತು, ಸಾಯುವತನಕ ಅದನ್ನು ಹೊತ್ತುಕೊಂಡಿರಬೇಕು.

ಗಂಡ ಹುಲಗಪ್ಪ ಸಭೆಯ ಮುಂಜಾನೆ ಬಣ್ಣದ ಕಾಗದ ತರಲು ಲಕ್ಷ್ಮೇಶ್ವರಕ್ಕೆ ಹೊರಟಾಗ ಹುಚ್ಚವ್ವ ಹಿಂದೆಯೇ ಹೋಗಿ ಹೇಳಿದಳು: "ಕಸಾಯಿ ಕಡಿಂದ ಎಲಬಿಲ್ಲದ್ದ ಬಾಡ ತರ್ರಿ. ನಮ್ಮ ತವರಮನಿ ಬಾಜೂಕ ಹಾಜಿರಾಬಿ ಅದಾಳಲ್ಲ, ಅಕಿ ಹಿತ್ತಲದಾನ ಟಮಾಟಿ ಹಣ್ಣು ಹುಚ್ಚಿ ಕೇಳ್ಯಾಳ ಅನ್ರಿ, ಉಡಿ ತುಂಬ ಕೊಡ್ತಾಳ."

ಹಾಜಿರಾಬಿಯ ಅಡುಗೆಮನೆಯಲ್ಲಿ ಹುಚ್ಚವ್ವ ಪರಕಾರ ಉಡುವ ವಯಸ್ಸಿನಿಂದ ಕುಳಿತು ಎದ್ದವಳು. ಆಕೆ ಕುಟ್ಟಿದ ಬಾಡಿನ ಖೀಮಾಕ್ಕೆ ಅಕ್ಕಿ ಕಲಸಿ ಉಂಡಿ ಕಟ್ಟಿ ಟಮಾಟಿ ರಸದಲ್ಲಿ ಬೇಯಿಸುತ್ತಿದ್ದಳು. "ನಮ್ಮ ಮನ್ಯಾಗ ಹಲ್ಲ ಬರದ ಕೂಸೂ ಅದಾವು, ಹಲ್ಲ ಹೋದ ಮುದುಕೂರೂ ಅದಾರ. ಎಲ್ಲಾರಿಗೂ ಒಂದ ಗಡಿಗಿ," ಎನ್ನುತ್ತಿದ್ದಳು. ಆ ಮಾತು ಇಷ್ಟು ವರ್ಷದ ಮೇಲೆ ಹುಚ್ಚವ್ವನ ಕೆಲಸಕ್ಕೆ ಬಂತು. ಮಾವನೊಬ್ಬನಿಗೇ ಮೆತ್ತಗೆ ಮಾಡಿ ಬಡಿಸಿದರೆ ಗುಟ್ಟು ಒಡೆಯುತ್ತದೆ, ಅವನು ಮುಟ್ಟುವುದೂ ಇಲ್ಲ. ಮನೆಯವರೆಲ್ಲರ ತಾಟಿಗೂ ಅದೇ ಬಿದ್ದರೆ?

ಹುಲಗಪ್ಪ ಬಿಸಿಲೇರುವ ಹೊತ್ತಿಗೆ ಮರಳಿದ. ಹುಚ್ಚವ್ವ ಬಾಡನ್ನು ಈಳಿಗೆಯಲ್ಲಿ ಸಣ್ಣಗೆ ಹೆಚ್ಚಿ, ಕಲ್ಲಿನ ಒಳ್ಳಿಗೆ ಹಾಕಿ ಕುಟ್ಟತೊಡಗಿದಳು. ಹಸಿಶುಂಠಿ, ಬೆಳ್ಳುಳ್ಳಿ, ಒಂದೆರಡು ಲವಂಗ ಅದರೊಳಗೇ ಬಿದ್ದವು. ಮಕ್ಕಳೂ ತಿನ್ನಬೇಕಲ್ಲ ಎಂದು ಖಾರಪುಡಿಗೆ ಕೈ ಬಿಗಿಹಿಡಿದಳು.

ದೇವವ್ವ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಏನವಾ, ಬಾಡ ಕುಟ್ಟಾಕತ್ತೀ? ಅದೇನ ಮೆಣಸಿನಕಾಯೇನು? ಹಲ್ಲಿದ್ದವರ ಮನ್ಯಾಗ ಹಿಂಗ ಯಾರೂ ಮಾಡೂದಿಲ್ಲ."

"ಹೊಸಾ ರಾಜ್ಯ ಬರಾಕತ್ತೇತಿ ಅತ್ತಿ, ಹೊಸಾ ಅಡಗಿ ಆಗಲಿ."

"ರಾಜ್ಯ ಬಂದ್ರ ಬರಲಿ. ಅಕ್ಕಿ ಯಾಕ ತಗದಿ? ಹಬ್ಬಕ್ಕ ಇಟ್ಟದ್ದದು!"

"ಇವತ್ತ ಹಬ್ಬ ಅಂತ ಗೌಡ್ರ ಹೇಳಿ ಹೋಗ್ಯಾರ."

ಜೋಳದ ಸೀಮೆಯಲ್ಲಿ ಅಕ್ಕಿ ಎಂದರೆ ಗಡಿಗೆಯ ತಳದಲ್ಲಿ ಬಟ್ಟೆ ಕಟ್ಟಿ ಇಡುವ ಪದಾರ್ಥ. ದೇವವ್ವ ಗೊಣಗುತ್ತಲೇ ಉಳ್ಳಾಗಡ್ಡಿ ಹೆಚ್ಚಿಕೊಟ್ಟಳು. ಹುಚ್ಚವ್ವ ನೆನೆಸಿದ ಅಕ್ಕಿಯನ್ನು ಹಿಂಡಿ ಖೀಮಾಕ್ಕೆ ಕಲಸಿ, ಅಂಗೈಗೆ ನೀರು ಹಚ್ಚಿಕೊಂಡು ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿದಳು. ಕುಸುಬಿ ಎಣ್ಣೆ ಕಾದ ಮೇಲೆ ಉಳ್ಳಾಗಡ್ಡಿ ಕೆಂಪಾಯಿತು. ಹಿಸುಕಿದ ಟಮಾಟಿ ಬಿದ್ದು ಚುರ್ರೆಂದಿತು.

ಟಮಾಟಿ ಆಗಿನ್ನೂ ಕೇರಿಗೆ ಪರಊರಿನ ಬೀಗರಿದ್ದ ಹಾಗೆ. "ಹುಣಸಿಹಣ್ಣಿಗೇನ ಬ್ಯಾನಿ ಬಂದಿತ್ತ?" ಎಂದಳು ದೇವವ್ವ. ಆದರೆ ರಸ ಕುದಿದು ಉಂಡೆಗಳು ಅದರಲ್ಲಿ ಮುಳುಗಿ, ಹುಳಿಯೂ ಲವಂಗವೂ ಕೂಡಿದ ವಾಸನೆ ಛಾವಣಿಗೆ ಏರಿದಾಗ ಅವಳೂ ಮುಚ್ಚಳ ತೆಗೆದು ಇಣುಕಿದಳು. ಮೊಮ್ಮಕ್ಕಳು ಅವಳ ಕಂಕುಳಿನಿಂದ ತಲೆ ತೂರಿಸಿದವು. ಉಂಡೆಗಳಿಂದ ಅಕ್ಕಿ ಅರಳಿ ಬೆಳ್ಳಗೆ ಹೊರಗೆ ಚಾಚಿತ್ತು.

"ಯಮ್ಮಾ, ಹತ್ತಿಕಾಯಿ ಒಡದಾವು!" ಎಂದಿತು ಸಣ್ಣ ಹುಡುಗಿ. ಆವತ್ತಿನಿಂದ ಆ ಅಡುಗೆಗೆ ಅದೇ ಹೆಸರು ಉಳಿಯಿತು.

ಎಲ್ಲರೂ ಸಾಲಾಗಿ ಕುಳಿತರು. ಹುಚ್ಚವ್ವ ಕೇಳದೆಯೇ ಮಾವನ ತಾಟಿಗೂ ಹಾಕಿದಳು.

"ಏ, ಅಂವಾ ಬಿಟ್ಟಾನ!" ಎಂದಳು ದೇವವ್ವ. "ಸಂಜಿಗೆ ಹಾರ ಹಾಕಸ್ಕೊಳ್ಳಾಂವ ಅದಾನ!"

ಹುಲಗಪ್ಪನ ಕೈಯ ತುತ್ತು ಅಲ್ಲೇ ನಿಂತಿತು. ಮೂಕಪ್ಪ ತಾಟನ್ನು ನೋಡಿದ. ಸರಿಸಲು ಕೈ ಮುಂದೆ ಬಂತು, ಅಂಚನ್ನು ಹಿಡಿಯಿತು ಕೂಡ. ಎದುರಿಗೆ ಹಾಲುಹಲ್ಲು ಬಿದ್ದ ಮೊಮ್ಮಗಳು ಒಸಡಿನಿಂದಲೇ ಉಂಡೆಯನ್ನು ಒತ್ತಿ, ಗದ್ದದ ತುಂಬ ಕೆಂಪು ರಸ ಇಳಿಸಿಕೊಂಡು ನುಂಗುತ್ತಿದ್ದಳು. ಮೂಕಪ್ಪ ಅವಳನ್ನೇ ನೋಡುತ್ತಿದ್ದ. ಆಮೇಲೆ ತಾಟಿನ ಅಂಚು ಬಿಟ್ಟು ಒಂದು ಉಂಡೆ ಮುರಿದ. ಬೆರಳು ತಾಗುತ್ತಲೇ ಅದು ಬಿಚ್ಚಿಕೊಂಡಿತು. ಬಾಯಿಗಿಟ್ಟು ನಾಲಿಗೆಯನ್ನು ಅಂಗುಳಿಗೆ ಒತ್ತಿದ.

ಮೂಕಪ್ಪನ ಕಣ್ಣು ತುಂಬಿ ಬಂತು.

"ಖಾರ ಹತ್ತೇತೇನು?" ಎಂದು ದೇವವ್ವ ಮೆಲ್ಲಗೆ ಕೇಳಿದಳು.

"ಖಾರ ಎಲ್ಲೈತಿ? ಇನ್ನೆರಡ ಹಾಕು," ಎಂದ ಮೂಕಪ್ಪ. ತಿನ್ನುತ್ತಲೇ ಬಾಯಿ ತೆರೆದು ಹೆಂಡತಿಗೆ ದವಡೆ ತೋರಿಸಿದ. ದೇವವ್ವ ಬಗ್ಗಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಕುಣಿಯುವ ಹಾಗೆ ನಕ್ಕಳು. "ಅಯ್ಯ ನನ್ನ ಶರಣಾ! ಇದ ನೋಡ ನಿನ್ನ ವೈರಾಗ್ಯ!" ನಗುತ್ತ ನಗುತ್ತಲೇ ಅವಳ ದನಿ ಒಡೆಯಿತು. "ಉಪಾಸ ಸಾಯಾಕತ್ತಿದ್ದೆಲ್ಲೋ ಮುದುಕಾ, ನನಗರ ಹೇಳಬಾರದೇನ?"

ಸಂಜೆ ಚಪ್ಪರದ ಕೆಳಗೆ ಊರೆಲ್ಲ ಸೇರಿತ್ತು. ಕೇರಿಯ ಹೆಂಗಸರ ಜೊತೆ ಹುಚ್ಚವ್ವ ಅಂಚಿನಲ್ಲಿ ನಿಂತಿದ್ದಳು. ಮಾವ ತಿಂದದ್ದೇನೋ ನಿಜ. ಆದರೆ ಇಷ್ಟು ಮಂದಿಯ ಮುಂದೆ ಹಾರ ಕಂಡರೆ ಮನಸ್ಸು ಯಾವ ಕಡೆ ವಾಲೀತೋ?

ವಿರೂಪಾಕ್ಷಪ್ಪಗೌಡ ಸೇವಂತಿಗೆಯ ಹಾರ ಹಿಡಿದು ಕರೆದ. ಮೂಕಪ್ಪ ಎದ್ದು ಮುಂದೆ ಬಂದು ಕೈ ಮುಗಿದ. ಹಾರ ಅವನ ತಲೆಯ ಹತ್ತಿರ ಬಂದಾಗ ಒಂದು ಹೆಜ್ಜೆ ಹಿಂದೆ ಸರಿದ.

"ಗೌಡ್ರ, ತಡೀರಿ. ನಾ ಬಾಡ ಬಿಟ್ಟಿಲ್ರಿ. ನನ್ನ ಹಲ್ಲು ನನ್ನ ಬಿಟ್ಟಾವು."

ಅವನು ಮುಗಿದ ಕೈ ಇಳಿಸಲಿಲ್ಲ.

"ಇವತ್ತ ಮಧ್ಯಾಹ್ನ ನನ್ನ ಸೊಸಿ ಮೆತ್ತಗ ಮಾಡಿ ಹಾಕಿದ್ಲು. ಹೊಟ್ಟಿ ತುಂಬ ಉಂಡ ಬಂದೀನಿ. ಸುಳ್ಳ ಹೇಳಿ ಹಾರ ಹಾಕಸ್ಕೊಂಡ್ರ ನಾಳಿ ಆ ತಾಟಿನ ಮುಂದ ನಾ ಹೆಂಗ ಕುಂದ್ರಲಿ? ನನ್ನ ಮೆಟ್ಟಲಮ್ಯಾಲ ಕುಂದ್ರಿಸಿದ್ರಿ, ದೊಡ್ಡ ಮಾತು. ಉಂಡದ್ದ ಗೊತ್ತಾದ ಮ್ಯಾಲೂ ಕುಂದ್ರಸ್ತೀರಿ ಅಂದ್ರ ಬರ್ತೀನ್ರಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕೇರಿಯ ಹುಡುಗರು ಬಿದ್ದು ಬಿದ್ದು ನಕ್ಕರು. ಗೌಡ ನಗಲಿಲ್ಲ, ಬೈಯಲೂ ಇಲ್ಲ. ಹಾರವನ್ನು ಕೈಯಲ್ಲಿ ತಿರುವುತ್ತ ನಿಂತು, ಕಡೆಗೆ ಬಾವುಟದ ಕಂಬಕ್ಕೆ ಸುತ್ತಿದ. ಮುಂದಿನ ಮಾತು ಕರ್ನಾಟಕದ ಮೇಲೆ ಹೋಯಿತು.

ಸೋಮವಾರ ಬಂತು. ಬಾ ಎಂದು ಯಾರೂ ಕರೆಯಲಿಲ್ಲ. ಬರಬೇಡ ಎಂದೂ ಯಾರೂ ಹೇಳಲಿಲ್ಲ. ಮೂಕಪ್ಪ ತಲೆಗೆ ರುಮಾಲು ಸುತ್ತಿ ಹೊಸ್ತಿಲತನಕ ಹೋದ. ಅಲ್ಲೇ ಸ್ವಲ್ಪ ಹೊತ್ತು ನಿಂತು, ಹಳೆಯ ಹುಣಸೆಮರದ ಕಡೆಗೆ ನಡೆದ. ಹುಚ್ಚವ್ವ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ತಾನು ಆ ಉಂಡೆ ಕಟ್ಟದಿದ್ದರೆ ಮಾವನ ಕೈಯಲ್ಲಿ ತಾಳವಾದರೂ ಉಳಿಯುತ್ತಿತ್ತಲ್ಲ ಎಂದು ಅಂದುಕೊಂಡಳು.

ಅವನು ಮರಳಿ ಬಂದಾಗ ಅದನ್ನೇ ಹೇಳಿಯೂ ಬಿಟ್ಟಳು. ಮೂಕಪ್ಪ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ.

"ಹುಚ್ಚಿ, ಹೆಸರಿಗೆ ತಕ್ಕಂಗ ಮಾತಾಡಬ್ಯಾಡ. ಪದ ಮರದ ತನಕಾನೂ ಕೇಳಸ್ತೈತಿ. ಮೆಟ್ಟಲಮ್ಯಾಲಿಂದ ನಿನ್ನ ಗಡಿಗಿ ವಾಸನಿ ಬರತಿದ್ದಿಲ್ಲ."

ಆಮೇಲೆ ಎಷ್ಟೋ ಚಳಿಗಾಲ ಆ ಒಲೆಯ ಮುಂದೆ ಕಳೆದವು. ಮನೆಗೆ ಬಾಡು ಬಂದ ದಿನ ಒಳ್ಳಿನ ಸಪ್ಪಳ ಕೇಳಿದರೆ ಸಾಕು, ಮೂಕಪ್ಪ ಎಲ್ಲಿದ್ದರೂ ಬಂದು ತಾಟು ಮುಂದಿಟ್ಟುಕೊಂಡು ಕೂಡುತ್ತಿದ್ದ. ಹುಚ್ಚವ್ವ ಕುಟ್ಟುತ್ತಿದ್ದರೆ ಆ ಪೆಟ್ಟಿಗೆ ಸರಿಯಾಗಿ ತಾಟಿನ ಅಂಚಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ, ಒಸಡಿನಲ್ಲೇ ತತ್ವಪದ ಗುನುಗುತ್ತಿದ್ದ. ಪದ ಮುಗಿಯುವ ಮೊದಲೇ ಕುಟ್ಟುವುದು ಮುಗಿದರೂ ಹುಚ್ಚವ್ವ ಬರಿಯ ಒಳ್ಳಿನಲ್ಲಿ ಇನ್ನೂ ನಾಲ್ಕು ಪೆಟ್ಟು ಹಾಕುತ್ತಿದ್ದಳು.